ಸೊನ್ನೆಯಿಂದ ಎಂಟು

ದುಭಾಷಿಗೆ ಒಂದೇ ನಿಯಮ:
ಹೇಳಿದ್ದನ್ನು ಹೇಳು, ಹೇಳದ್ದನ್ನು ಹೇಳಬೇಡ.
ವುಲ್ವರ್‌ಹ್ಯಾಂಪ್ಟನ್ನಿನ ಈ ಎರಡನೇ ಮಹಡಿಯ ಕೋಣೆಯಲ್ಲಿ
ನನಗೊಂದು ಕುರ್ಚಿಯುಂಟು, ಅಭಿಪ್ರಾಯವಿಲ್ಲ.

ಈ ವಾರ ಬೆಂಕಿ ಎಷ್ಟು ಸಲ ಬಂತು?
ಡಾಕ್ಟರ್ ಪ್ರಿಚರ್ಡ್ ಕೇಳುತ್ತಾರೆ.
ಮಡಿವಾಳೆಪ್ಪನವರು ಕಿಸೆಯಿಂದ ಚೀಟಿ ತೆಗೆಯುತ್ತಾರೆ.
ಬಂದಾಗೊಮ್ಮೆ ಒಂದು ಗೀಟು,
ಗೋಡೆಯ ಮೇಲಿನ ಹಾಲಿನ ಲೆಕ್ಕದ ಹಾಗೆ.
ಹತ್ತೊಂಬತ್ತು, ಅನ್ನುತ್ತಾರೆ.
ಹತ್ತೊಂಬತ್ತು, ಅನ್ನುತ್ತೇನೆ.

ಆಮೇಲೆ ಇನ್ನೊಂದು ಹಾಳೆ.
ಕೆಲಸ, ಮನೆ, ಜನ, ಬಿಡುವು,
ಇವೆಲ್ಲ ಎಷ್ಟು ಕೆಟ್ಟಿವೆ, ಸೊನ್ನೆಯಿಂದ ಎಂಟರೊಳಗೆ?
ಮೊದಲ ವಾರ ‘ತೊಂದರೆ’ ಎಂದು ತಂದೆ ಆ ಮಾತನ್ನು,
ಎರಡನೇ ವಾರ ‘ಅಡ್ಡಿ’ ಎಂದು.
ಎರಡಕ್ಕೂ ಅವರು, ನಡದದ್ರಿ.
ಏನು ನಡೆದಿದೆ, ಯಾರ ಕಾಲಲ್ಲಿ, ಎತ್ತ ಕಡೆ,
ಆ ಒಂದು ಕ್ರಿಯಾಪದವನ್ನು ನಾನು ಆಚೆ ದಡಕ್ಕೆ ದಾಟಿಸುವಾಗ
ಸಂಖ್ಯೆ ಬೇಕು, ಎಂದರು ಡಾಕ್ಟರು.
ಎಂಟು, ಎಂದರು ಇವರು.
ಪೆನ್ನು ಒಂದು ಕ್ಷಣ ನಿಂತಿತು.

ಮೂರು ವಾರ ಎಲ್ಲದಕ್ಕೂ ಎಂಟು.
ನಾಲ್ಕನೇ ವಾರ ಗೊತ್ತಾಯಿತು:
ಎಂಟಾಣೆ ಅಂದ್ರ ಅರ್ಧ ಹೌದಲ್ರಿ?
ಅರ್ಧಾ ಮನಷ್ಯಾ ಆಗೇನ್ರಿ.
ಹಳೆಯ ಹಾಳೆಗಳನ್ನೆಲ್ಲ ತಿದ್ದಿದೆವು.
ತಿದ್ದಿದ ಮೇಲೂ
ಅವರು ಹೇಳಿದ್ದೇ ಸರಿಯೆನಿಸಿತು ನನಗೆ. ಅದನ್ನು ಹೇಳಲಿಲ್ಲ.

ಡಡ್ಲಿ ರೋಡಿನ ಹೋಟೆಲಿನಲ್ಲಿ ಮೂವತ್ತೊಂದು ವರ್ಷ
ಒಲೆಯ ಮುಂದೆ ನಿಂತವರು.
ಈಗ ಬ್ರೆಡ್ಡು, ಬಾಳೆಹಣ್ಣು, ನಲ್ಲಿ ನೀರು.
ಉರಿ ಅಲ್ರಿ, ಸಪ್ಪಳ, ಎಂದಿದ್ದರು ಒಮ್ಮೆ.
ಸಾಸಿವಿ ಸಿಡಿದಾಗ ಆಗತದಲ್ರಿ, ಅದು.
ಆ ಚಟಪಟದ ಆಚೆಗೆ
ಕೈಯಾಳು ಹುಡುಗ ಇದ್ರಿಸ್ ಇನ್ನೂ ಕೂಗುತ್ತಾನೆ.
ಹಾಳೆಯಲ್ಲಿ ಮನೆಗೆಲಸವೆಂದರೆ
ಗುಡಿಸುವುದು, ಸಾಮಾನು ತರುವುದು, ಬಿಲ್ಲು ಕಟ್ಟುವುದು.
ಒಗ್ಗರಣೆಗೆ ಸಾಲಿಲ್ಲ.

ಹನ್ನೊಂದನೇ ವಾರ, ಹೊರಗೆ ಸಣ್ಣ ಹಿಮ.
ಗೀಟುಗಳು ಹದಿನೇಳು.
ಡಾಕ್ಟರು ಹಿಂದಿನ ಪುಟ ತಿರುವಿ ನೋಡುತ್ತಾರೆ,
ಔಷಧಿ ತಾಗದ ಗಿಡವನ್ನು ನೋಡುವಂತೆ.
ಒದ್ದೆ ಕೋಟು ರೇಡಿಯೇಟರಿನ ಮೇಲೆ ಕಾಯುತ್ತ ಕಾಯುತ್ತ
ಬಿಡತೊಡಗಿತು
ಇಂಗು.
ಇಂಗಿನ ಹಿಂದೆ ಕರಿಬೇವು,
ಅದರ ಹಿಂದೆ ಕೆಂಪು ಮೀರಿ ಕಪ್ಪಿಗೆ ಹೊರಳಿದ ಬೆಳ್ಳುಳ್ಳಿ:
ಮೂವತ್ತೊಂದು ವರ್ಷದ ಕೈ
ತಪ್ಪಿ ಹಾಕಿದ್ದು. ಆದರೂ ಹಾಕಿದ್ದು.

ಪ್ರಿಚರ್ಡರಿಗೆ ನೆಗಡಿ. ಮೂಗೊರೆಸಿಕೊಂಡು ಕೇಳಿದರು:
ಮನೆಯ ವಿಷಯ, ಎಷ್ಟು?
ಮಡಿವಾಳೆಪ್ಪನವರು ಕೋಟಿನತ್ತ ನೋಡಿದರು,
ನನ್ನತ್ತ ನೋಡಿದರು.
ಕಾದೆ.
ಐದು, ಅಂದರು.
ಐದು, ಅಂದೆ.

ಕೆಳಗೆ ಬಾಗಿಲ ಬಳಿ ನನ್ನ ಬ್ಯಾಡ್ಜು ತೆಗೆದು ಚೀಲಕ್ಕೆ ಹಾಕಿ,
ಈಗ ಯಾರ ಬಾಯಿಯೂ ಅಲ್ಲದವರ ಹಾಗೆ,
ಕೇಳಿದೆ:
ಊಟಾ ಆತೇನ್ರಿ?

ಆತ್ರಿ, ಎಂದರು ಗುಂಡಿ ಹಾಕಿಕೊಳ್ಳುತ್ತ.
ಬೆಳ್ಳುಳ್ಳಿ ಸ್ವಲ್ಪ ಹೊತ್ತಿತ್ತು.