ಬರೀ ನೆಗಡಿ

ಗ್ಯುಮ್ರಿಯಲ್ಲಿ ಫೆಬ್ರವರಿ.
ನೆಲದಲ್ಲಿ ಹೂತ ತೋನಿರ್ ಒಲೆಯ ಬಾಯಿಗೆ
ಸೊಂಟದ ತನಕ ಬಗ್ಗಿ
ಲವಾಶ್ ರೊಟ್ಟಿ ಬಡಿಯುವ ವಾರ್ಸೆನಿಕ್
ಮೂರು ಸಲ ಸೀನಿ, "ಬರೀ ನೆಗಡಿ" ಎಂದಳು.
ನಾವೂ ಹಾಗೇ ಅಂದುಕೊಂಡೆವು.
ನೆಗಡಿಗೆಲ್ಲ ಯಾರು ರಜೆ ಕೊಡುತ್ತಾರೆ?

ಹಿಟ್ಟು ಲಟ್ಟಿಸುವವಳು ನಾನು, ಎದುರಿಗೇ ಕೂತವಳು.
ಅವಳ ಬೆವರು ನನಗೆ ಪರಿಚಯ:
ಕೆಂಡದ ಬೆವರು ಹಣೆಯಲ್ಲಿ ಹುಟ್ಟಿ
ಹುಬ್ಬಿನಲ್ಲಿ ತಡೆದು, ಮೂಗಿನ ತುದಿಯಿಂದ ಜಾರುತ್ತದೆ.
ಇದು ಬೇರೆ.
ಕತ್ತಿನ ಹಿಂದೆ, ಕೂದಲ ಬುಡದಲ್ಲಿ
ಯಾರೂ ಕರೆಯದೆ ಬಂದು ಕೂತದ್ದು,
ತಣ್ಣಗೆ.

ಆಮೇಲೆ ನಡುಕ.
ಬೆಂಕಿಯ ಬಾಯಲ್ಲೇ ಹಲ್ಲು ಕಟಕಟ.
"ಕಿಟಕಿ ಮುಚ್ಚೇ ಶೋಘಿಕ್" ಎಂದಳು; ಮುಚ್ಚಿಯೇ ಇತ್ತು.
ಕಿವಿಯ ಓಲೆ ಬಿಚ್ಚಿ ಜೇಬಿಗೆ ಹಾಕಿಕೊಂಡಳು,
ಹಿಮದ ಹರಳಿನಂತೆ ಕೊರೆಯುತ್ತಿವೆಯಂತೆ.
ಉಣ್ಣೆಯ ಶಾಲು ಹೊದಿಸಿದೆ. ಕಿತ್ತೆಸೆದಳು.
ಮತ್ತೆ ಕೇಳಿದಳು. ಮತ್ತೆ ಕಿತ್ತೆಸೆದಳು.
ಒಂದೇ ಮೈಯಲ್ಲಿ ಇಬ್ಬರು ಬಾಡಿಗೆಯವರು:
ಒಬ್ಬ ಒಲೆ ಹಚ್ಚಿದರೆ
ಇನ್ನೊಬ್ಬ ಎದ್ದು ಬಾಗಿಲು ತೆರೆಯುತ್ತಾನೆ.

ಹತ್ತೂವರೆಗೆ ಮೊದಲ ರೊಟ್ಟಿ ಸೀದಿತು.
ಅವಳಿಗೆ ತಿಳಿಯಲೇ ಇಲ್ಲ.
ಇಪ್ಪತ್ತಾರು ವರ್ಷ ಮೂಗಿನಲ್ಲೇ ಗಡಿಯಾರ ಇಟ್ಟುಕೊಂಡವಳು,
ಕಣ್ಣು ಮುಚ್ಚಿ "ಈಗ" ಅಂದರೆ ಈಗಲೇ ಎನ್ನುವವಳು
ಕಪ್ಪು ರೊಟ್ಟಿಯನ್ನು ಮುಖದ ಹತ್ತಿರ ಹಿಡಿದು
ಪರರ ಮಗುವನ್ನು ನೋಡುವಂತೆ ನೋಡಿದಳು.
ಎರಡನೆಯದೂ ಸೀದಾಗ
ಕೂತೇಬಿಟ್ಟಳು, ಹಿಟ್ಟಿನ ಮೂಟೆಯ ಮೇಲೆ.

"ನೀನು ಬಡಿ" ಎಂದೆ, "ನಾನು ಮೂಸುತ್ತೇನೆ."
ಅವಳು ಬಗ್ಗಿದಳು. ನಾನು ಮೂಗು ಚಾಚಿದೆ.
ಹಸಿ. ಹಸಿ. ಇನ್ನೂ ಹಸಿ.
ಗೋಧಿಗೆ ಎಚ್ಚರಾಗುವ ಒಂದು ಗಳಿಗೆ ಇದೆ,
ಅಷ್ಟು ವರ್ಷ ಎದುರೇ ಕೂತೂ ನನಗೆ ಗೊತ್ತಿರಲಿಲ್ಲ.
"ಈಗ!"
ಕೊಕ್ಕೆ ಇಳಿಯಿತು, ರೊಟ್ಟಿ ಎದ್ದಿತು
ಮೈತುಂಬ ಗುಳ್ಳೆ ಹೊತ್ತು.

ನಲವತ್ತು ರೊಟ್ಟಿ ಹಾಗೇ.
ಕೆಲವು ನನ್ನ ತಪ್ಪಿಗೆ ಕರಕಲಾದವು,
ಅವನ್ನು ನಾವೇ ತಿಂದೆವು.
ಅವಳಿಗೆ ರುಚಿಯೂ ಇರಲಿಲ್ಲ, ಪುಣ್ಯ.

ರಾತ್ರಿ ಅವಳ ಅತ್ತೆ
ಅಂಗಾಲಿಗೆ ವೋಡ್ಕಾ ತಿಕ್ಕಿ,
ರಾಸ್ಪ್‌ಬೆರಿ ಮುರಬ್ಬ ಕಲಸಿದ ಚಹಾ ಕುಡಿಸಿ
ಮೂರು ಕಂಬಳಿಯಡಿ ಹುಗಿದಳಂತೆ.
ನಡುರಾತ್ರಿ ಅಂಗಿ ಹಿಂಡುವಷ್ಟು ಬೆವರಿ
ಜ್ವರ ಇಳಿಯಿತಂತೆ.

ಮೂರನೆಯ ದಿನ ಓಲೆ ಹಾಕಿಕೊಂಡು ಬಂದಳು.
ಬಾಗಿಲ ಬಳಿಯೇ ನಾನು ಸೀನಿದೆ.
"ಬರೀ ನೆಗಡಿ" ಎಂದೆ.
ವಾರ್ಸೆನಿಕ್ ಏನೂ ಹೇಳಲಿಲ್ಲ.
ಹೋಗಿ, ಮುಚ್ಚಿದ್ದ ಕಿಟಕಿಯನ್ನು
ಇನ್ನೊಮ್ಮೆ ಮುಚ್ಚಿ ಬಂದಳು.