ಒಂದೇ ತಾರೀಕಿನವು

ಟಾರ್ಟುವಿನಲ್ಲಿ ಮೂರೂವರೆಗೇ ಕತ್ತಲು.
ಲೇಲೊ ಇನ್ನೂ ಟೆಂಪ್ಲೇಟುಗಳನ್ನು ವಿಂಗಡಿಸುತ್ತಿದ್ದಾಳೆ:
ಬೇಕರಿ, ವಕೀಲರು, ಯೋಗ, ಹಲ್ಲಿನ ಡಾಕ್ಟರು;
ಎಲ್ಲೂ ಸಲ್ಲದವು ‘ಇತರೆ’ಗೆ.
ಈಗ ಇತರೆಯೇ ಎಲ್ಲಕ್ಕಿಂತ ತುಂಬಿದ ಮನೆ.

ನಾನೂರ ಹನ್ನೆರಡನೆಯದು ಬರೀ ಬಿಳಿ,
ನಡುವೆ ಒಂದು ಫೋಟೊದಷ್ಟು ಜಾಗ,
ಕೆಳಗೆ ಸಣ್ಣಗೆ ತಾರೀಕು.
ಹೋದ ವರ್ಷ ‘ಮದುವೆ’ಗೆ ಸೇರಿಸಿದ್ದಳು.

ಇವತ್ತು ವೊರು ಪಟ್ಟಣದಿಂದ
ಶವಪೆಟ್ಟಿಗೆ ಮಾಡುವವನ ಪತ್ರ:
“ಹುಡುಕಿ ಹುಡುಕಿ ಸಾಕಾಯ್ತು ತಾಯಿ,
ಮದುವೆ ಸಾಲಲ್ಲಿ ಯಾಕಿಟ್ಟಿರಿ ಇದನ್ನ?
ಹಿಡಿಸಿತು. ಕೊಂಡೆ.”

ಕಾಫಿ ಆರುವವರೆಗೂ
ಮೌಸಿನ ಮೇಲಿನ ಬೆರಳು ಅಲುಗಲಿಲ್ಲ.
ಆಮೇಲೆ ಹೊಸದೊಂದು ಖಾನೆ ತೆರೆದು ಬರೆದಳು:
‘ಒಂದೇ ತಾರೀಕಿನವು’.

ಪಕ್ಕದ ಮೇಜಿನಿಂದ ಉರ್ಮಸ್ ಇಣುಕಿ,
“ಹಾಗಾದರೆ ನನ್ನ ಹಳೇ ಟ್ರ್ಯಾಕ್ಟರ್ ಹರಾಜಿನದೂ ಅಲ್ಲಿಗೇನಾ?”

ಹೂಂ, ಹಾಕು.