ಎರಡು ಸೆಕೆಂಡು ಸುಮ್ಮನಿರಿ

ಮಲ್ಪೆಯ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ ನನ್ನ ಸ್ಟುಡಿಯೋ.
ಸ್ಟುಡಿಯೋ ಅಂದರೆ, ಮೊದಲು ಬಲೆ ಪೇರಿಸಿಡುತ್ತಿದ್ದ ಕೋಣೆ;
ಗೋಡೆಗೆ ಹಳೆ ಹಾಸಿಗೆ, ಬಾಗಿಲ ಸಂದಿಗೆ ಗೋಣಿ,
ಅಣ್ಣ ಬಿಸಾಡಿದ ಲ್ಯಾಪ್‌ಟಾಪು, ಅದರೊಳಗೆ
ಕಾಸು ಕೊಡದೆ ಬಂದ, ಯಾರೂ ಮಾಲೀಕರಿಲ್ಲದ,
ಹಾಗಾಗಿ ಎಲ್ಲರದೂ ಆದ ತಂತ್ರಾಂಶ.

ಬಾಡಿಗೆ ಕಡಿಮೆ. ಕಾರಣ ಕೆಳಗೇ ಉಂಟು:
ಹಗಲೂ ರಾತ್ರಿ ಗುಂಯ್‌ಗುಡುವ ಕಂಪ್ರೆಸರು.
ನನ್ನ ಪರದೆಯ ಮೇಲೂ ಕಂಪ್ರೆಸರು ಅಂತ ಉಂಟು,
ಒಂದಲ್ಲ, ಹದಿನಾಲ್ಕು,
ಒಂದೊಂದನ್ನೂ ಒಬ್ಬೊಬ್ಬ ನಿದ್ದೆಗೆಟ್ಟು ಬರೆದದ್ದು.
ಪಿಯಾನೋ ಮೂವತ್ತೊಂಬತ್ತು.
ಯಾವುದೋ ದೇಶದ ಇಗರ್ಜಿಯ ಆರ್ಗನ್ನು, ಅದರ ಧೂಳಿನ ಸಮೇತ.
ಗುಮಟೆ ಇಲ್ಲ.
ಹುಡುಕಿದೆ. ತಪ್ಪು ಕಾಗುಣಿತದಲ್ಲೂ ಹುಡುಕಿದೆ.

ಅದಕ್ಕೇ ಕೊಕ್ಕರ್ಣೆಯಿಂದ ಬಂದರು ಬುದ್ಯ ನಾಯ್ಕರು,
ಬ್ರಹ್ಮಾವರದಲ್ಲೊಮ್ಮೆ ಉಡುಪಿಯಲ್ಲೊಮ್ಮೆ ಬಸ್ಸು ಬದಲಿಸಿ,
ಬೈರಾಸಿನಲ್ಲಿ ಸುತ್ತಿದ ಮಡಕೆ ಮಡಿಲಲ್ಲಿ.
ಬೆರಳ ತುದಿಯದು, ಅಂಗೈಯದು,
ಎಡಗೈ ಬಾಯಿ ಮುಚ್ಚಿ ತೆರೆವಾಗಿನ ಗುಂಕಾರ,
ಒಂದೊಂದೇ ಪೆಟ್ಟು ಬೇಕು ಅಂದೆ.
"ಒಂದೊಂದೇ ಹೊಡ್ದ್ರೆ ಅದ್ ಗುಮಟೆ ಅಲ್ಲ ಮಗಾ,
ಬಾಗ್ಲ್ ಬಡ್ದಂಗೆ."

ಹೆಡ್‌ಫೋನು ಹಾಕಿಸಿದೆ. ಮೂರು ಪೆಟ್ಟಿಗೇ ತೆಗೆದಿಟ್ಟರು.
"ಒಳ್ಗೆ ಯಾರೋ ನನ್ನ್ ಅಣಕ್ಸ್ತ್ರ್."
ನಿಜ. ಕೈ ಮುಟ್ಟಿದ್ದಕ್ಕೂ ಕಿವಿಗೆ ಮುಟ್ಟಿದ್ದಕ್ಕೂ ನಡುವೆ
ನಲವತ್ತು ಮಿಲಿಸೆಕೆಂಡಿನ ಸಂದು.
ಕಿರಿದು ಮಾಡಿದರೆ ಸದ್ದು ಚರ್ರನೆ ಹರಿಯುತ್ತದೆ,
ಹಾಗೇ ಬಿಟ್ಟರೆ ನಾಯ್ಕರ ಹಿಂದೆ ಇನ್ನೊಬ್ಬ ನಾಯ್ಕರು
ಏದುಸಿರು ಬಿಡುತ್ತ ಓಡಿ ಬರುತ್ತಾರೆ.
ಆ ಸಂದು ಮುಚ್ಚಬೇಕಿದ್ದವನು ಕಡತದ ಕೊನೆಗೆ ಬರೆದಿಟ್ಟಿದ್ದಾನೆ:
ಮಗಳು ಹುಟ್ಟಿದ್ದಾಳೆ, ಇನ್ನು ನನ್ನಿಂದಾಗದು,
ಯಾರಾದರೂ ಕೈಗೆತ್ತಿಕೊಳ್ಳಿ.
ಆ ಮಗಳಿಗೀಗ ಒಂಬತ್ತು ವರ್ಷ ಇರಬೇಕು.

ಹೆಡ್‌ಫೋನು ಬೇಡ, ನುಡಿಸಿ ಅಂದೆ. ನುಡಿಸಿದರು.
ಗೆರೆ ಎಳೆದ ಮನೆಗಳಲ್ಲಿ ಒಂದು ಪೆಟ್ಟೂ ಕೂರಲಿಲ್ಲ;
ತುಸು ಮೊದಲು, ತುಸು ಆಮೇಲೆ,
ಧಕ್ಕೆಗೆ ಕಟ್ಟಿದ ದೋಣಿಗಳು ಏಳುಬೀಳುವ ಹಾಗೆ.
"ಸರಿಪಡಿಸಲೇ?" ಕೇಳಿತು ತಂತ್ರಾಂಶ, ಕನ್ನಡದಲ್ಲೇ.
ಅನುವಾದ ಅಷ್ಟರ ಮಟ್ಟಿಗೆ ಆಗಿದೆ.
"ಬೇಡ" ಎಂಬ ಗುಂಡಿ ಮಾತ್ರ ಇನ್ನೂ ಇಂಗ್ಲಿಷು.

ಉಳಿದದ್ದು ಐಸ್ ಪ್ಲಾಂಟಿನ ಗುಂಯ್.
ಅದನ್ನು ಕಳೆಯಲು ಅದರದೇ ಚೂರು ಮಾದರಿ ಬೇಕು.
"ಎರಡು ಸೆಕೆಂಡು ಸುಮ್ಮನಿರಿ" ಅಂದೆ.
ಉಸಿರು ಹಿಡಿದು ಕೂತರು, ಫೋಟೋಕ್ಕೆ ಕೂತವರ ಹಾಗೆ.
ಕೆಳಗೆ ಐಸಿನ ಚಪ್ಪಡಿಯೊಂದು ಜಾರಿ ಒಡೆಯಿತು.
ಯಾರೋ ತುಳುವಿನಲ್ಲಿ ಬೈದರು.
ಒತ್ತಿದೆ. ಗುಂಯ್ ಹೋಯಿತು,
ಅದರ ಜತೆಗೆ ಮಡಕೆಯ ಹೊಟ್ಟೆಯೂ ಹೋಯಿತು;
ಎರಡೂ ಒಂದೇ ಸ್ವರದಲ್ಲಿ ಗುನುಗುತ್ತಿದ್ದವು, ನನಗೆ ತಿಳಿದಿರಲಿಲ್ಲ.
ಮಿಕ್ಕಿದ್ದು ಬಾಗಿಲು ಬಡಿದ ಸದ್ದು.
ಮಾಡಿದ್ದನ್ನು ವಾಪಸು ಮಾಡಿದೆ.

ಹೊರಡುವಾಗ ಕೇಳಿದರು, ಇದಕ್ಕೆಷ್ಟು ಕೊಟ್ಟೆ?
ಧರ್ಮಕ್ಕೆ ಸಿಕ್ಕಿದ್ದು, ಅಂದೆ.
"ಧರ್ಮಕ್ಕಾ? ಹರ್ದ್ರೆ ಯಾರ್ ಕಟ್ಟಿ ಕೊಡ್ತ್ರ್?"
ಮೊದಲೆಲ್ಲ ಉಡದ ಚರ್ಮ, ಕಾನೂನು ಬಂದ ಮೇಲೆ ಆಡಿನದು.
ಆಡಿನದಕ್ಕೆ ನಾದ ಕಮ್ಮಿ, ಬಿಸಿಲಿಗೆ ಹೆಚ್ಚು ಹೊತ್ತು ಇಡಬೇಕು.
ಕಟ್ಟುವವರು ಅವರ ಕಡೆ ಇಬ್ಬರು. ಒಬ್ಬರು ಇವರೇ.
ಇನ್ನೊಬ್ಬರಿಗೆ ಕಣ್ಣು ಕಾಣುವುದಿಲ್ಲ.
ನಾನೇನೂ ಹೇಳಲಿಲ್ಲ. ಬಸ್ಸು ಹತ್ತಿಸಿ ಬಂದೆ.

ಕಡತಕ್ಕೆ ಗುಮಟೆ ಎಂದು ಹೆಸರಿಟ್ಟೆ.
ಉಳಿಸಿ ಮತ್ತೆ ತೆರೆದರೆ, ಮೂರಕ್ಷರದ ಜಾಗದಲ್ಲಿ
ಐದು ಖಾಲಿ ಚೌಕ,
ಹರಾಜು ಮುಗಿದ ಮೇಲಿನ ಮೀನಿನ ಪೆಟ್ಟಿಗೆಗಳ ಸಾಲು.
ಕೊಂಬಿಗೊಂದು, ಏತ್ವಕ್ಕೊಂದು. ನಟ್ಟನಡುವಿನದು ಮ.
ಆ ಎರಡು ಸೆಕೆಂಡನ್ನೂ ಅಳಿಸಲಿಲ್ಲ, ಬೇರೆ ಇಟ್ಟಿದ್ದೇನೆ.

ರಾತ್ರಿ, ಮಗಳ ಅಪ್ಪ ಬಿಟ್ಟುಹೋದ ಕಡತ ತೆರೆದೆ.
ಎಂತದೂ ಅರ್ಥವಾಗಲಿಲ್ಲ.
ಪಕ್ಕದ ಪಟ್ಟಿಯಲ್ಲಿ ಹುಡುಕಿ, ಮೊದಲಿಗೆ
"ಬೇಡ" ಎಂಬುದನ್ನು ಕನ್ನಡಕ್ಕೆ ಮಾಡಿ ಕಳಿಸಿದೆ.